ಅತ್ತೆ ಬ್ರೆಡ್ ಕೇಳಿದರು

ಗೆಳೆಯರೇ, ಇವತ್ತು ಬೆಳಿಗ್ಗೆ ಅತ್ತೆ, "ಒಂಚೂರು ಬ್ರೆಡ್ ಕೊಡಮ್ಮ" ಅಂದರು. ನನ್ನ ಎದೆ ಧಸಕ್ಕೆಂದಿತು. ನಮ್ಮ ಮನೆಯಲ್ಲಿ ಬ್ರೆಡ್ ತಿನ್ನುವುದು ಜ್ವರ ಬಂದವರು ಮಾತ್ರ. ಅತ್ತೆಯದಂತೂ ದಿನಾ ತಾವೇ ತಟ್ಟಿದ ರಾಗಿ ರೊಟ್ಟಿ. ಹಣೆ ಮುಟ್ಟಿದೆ, ತಣ್ಣಗಿತ್ತು. ಥರ್ಮಾಮೀಟರ್ ಇಟ್ಟೆ, ಜ್ವರವಿಲ್ಲ. ಹೆದರಿಕೆ ಇನ್ನೂ ಹೆಚ್ಚಾಯಿತು. ನನ್ನ ಗಂಡ ಆಗಲೇ ಹೊಸ ತಿಪ್ಪಸಂದ್ರದ ಕ್ಲಿನಿಕ್ಕಿನಲ್ಲಿ ಟೋಕನ್ ತೆಗೆದುಕೊಳ್ಳಲು ಓಡಿದ್ದರು.

"ನಿಜ ಹೇಳಿ ಅತ್ತೆ, ಎದೆ ಗಿದೆ ನೋಯ್ತಿದ್ಯಾ?"

"ಏನೂ ಇಲ್ಲ ಕಣೇ! ಅಂಗಡೀದಲ್ಲ, ಭಾನುವಾರ ನೀನು ಮನೇಲಿ ಮಾಡಿದ್ಯಲ್ಲ, ಆ ಬ್ರೆಡ್ಡು. ಚೆನ್ನಾಗಿತ್ತು."

ಮದುವೆಯಾಗಿ ಹನ್ನೊಂದು ವರ್ಷವಾಯಿತು. ನನ್ನ ಕೈಯಡುಗೆಯನ್ನು ಅತ್ತೆ ಹೊಗಳಿದ್ದು ಇದೇ ಮೊದಲು. ತಕ್ಷಣ ಗಂಡನಿಗೆ ಫೋನ್ ಮಾಡಿದೆ: "ಟೋಕನ್ ಇರ್ಲಿ ರೀ, ವಾಪಸ್ ಕೊಡ್ಬೇಡಿ."