ಇಸ್ತ್ರಿಯಕ್ಕನ ಹಿತ್ತಿಲ ಮರ

ಬಟ್ಟೆ ಇಸ್ತ್ರಿ ಮಾಡಿ ಸಂಸಾರ ತೂಗಿಸುತ್ತಿದ್ದ ಆಕೆ ಬೀದಿಗೆಲ್ಲ ಇಸ್ತ್ರಿಯಕ್ಕ. ಗಂಡ ತೀರಿಕೊಂಡ ಮೇಲೆ ಬಾಡಿಗೆ ಮನೆಯ ಹಿತ್ತಿಲಲ್ಲೇ ತಗಡಿನ ಸೂರು ಹಾಕಿಕೊಂಡು, ನಾಲ್ಕು ವರ್ಷದ ಮಗಳನ್ನು ಕಣ್ಣೆದುರೇ ಆಡಲು ಬಿಟ್ಟು ಕೆಲಸ ಮಾಡುತ್ತಿದ್ದಳು. ಪಕ್ಕದಲ್ಲಿ ಬೀಸಣಿಗೆಯಂಥ ಎಲೆಗಳ ಒಂದು ಮರ. ಯಾರು ನೆಟ್ಟದ್ದೋ, ಯಾವ ಜಾತಿಯದೋ, ಆಕೆ ವಿಚಾರಿಸಿದವಳಲ್ಲ.

ಒಂದು ಮಧ್ಯಾಹ್ನ ಯಾರದೋ ಮದುವೆಯ ಕೋಟಿನ ಸುಕ್ಕು ಬಿಡಿಸಿ ತಿರುಗಿ ನೋಡಿದರೆ, ಮಗಳು ಮರದ ಬುಡದಲ್ಲಿ ಕುಳಿತು ಜೊಲ್ಲು ಸುರಿಸುತ್ತಿದ್ದಾಳೆ. ಉಗುಳನ್ನೂ ನುಂಗಲಾಗುತ್ತಿಲ್ಲ. ಮುಷ್ಟಿಯಲ್ಲಿ ಮರದಿಂದ ಉದುರಿದ, ನೀಲಿ ಛಾಯೆಯ ಹಸಿರು ಹಣ್ಣುಗಳು. ಇಸ್ತ್ರಿಯಕ್ಕ ಮಗಳನ್ನೂ ಆ ಹಣ್ಣನ್ನೂ ಎತ್ತಿಕೊಂಡು ಆಸ್ಪತ್ರೆಗೆ ಧಾವಿಸಿದಳು.

"ಯಾವ ಮರದ್ದಮ್ಮ ಇದು?" ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದರು.

"ಗೊತ್ತಿಲ್ಲ ಡಾಕ್ಟ್ರೇ. ತಾಳೆ ಥರ ಇದೆ."

"ಅದರಲ್ಲಿ ಎಷ್ಟೋ ಜಾತಿ. ಕೆಲವು ಹಣ್ಣು ಗಂಟಲನ್ನೇ ಸುಟ್ಟುಬಿಡ್ತವೆ. ನಾವು ಇಲ್ಲಿ ನೋಡ್ಕೋತೀವಿ, ನೀವು ಗೊತ್ತಿರೋರನ್ನ ಬೇಗ ಕೇಳಿ."

ಮಗಳನ್ನು ದಾದಿಯ ಕೈಗೊಪ್ಪಿಸಿ ಓಡಿದಳು. ಹಿತ್ತಿಲಿಗೆ ಬಂದು ಕೈಗೆಟುಕಿದ ಎಲೆ ಕತ್ತರಿಸುವಾಗ ತೊಟ್ಟಿನ ಮುಳ್ಳು ಅಂಗೈ ಸೀಳಿದ್ದೂ ತಿಳಿಯಲಿಲ್ಲ. ಕೆಳಗೆ ಬಿದ್ದಿದ್ದ ಒಂದು ಗೊಂಚಲು ಹಣ್ಣನ್ನೂ ಉಡಿಯಲ್ಲಿ ಕಟ್ಟಿಕೊಂಡು, ಎರಡು ಬೀದಿ ಆಚೆ ಸಸಿ ಮಾರುವ ಮುದುಕನ ಮುಂದೆ ಎಲ್ಲ ಸುರಿದಳು.

"ಅಜ್ಜ, ಇದರ ಹೆಸರು ಹೇಳಿ. ಮಗು ತಿಂದುಬಿಟ್ಟಿದೆ!"

ಮುದುಕ ಕನ್ನಡಕ ಹುಡುಕಿದ. ಎಲೆ ಹೊರಳಿಸಿದ. ಸೀಳಿ ಜೋತುಬಿದ್ದ ತುದಿಗಳನ್ನು ಬೆರಳಲ್ಲಿ ಸವರಿದ. ಅವಳಿಗೆ ಅವನ ಕತ್ತಿನ ಪಟ್ಟಿ ಹಿಡಿದು ಅಲುಗಾಡಿಸಬೇಕೆನಿಸಿತು.

"ಬೇಗ ಅಜ್ಜ!"

"ತಾಳು ತಾಯಿ. ನಾನು ತಪ್ಪು ಹೇಳಿದ್ರೆ ಮಗೂಗೇ ಕುತ್ತು."

ಹಣ್ಣನ್ನು ಕೊಯ್ದ. ತೆಳ್ಳಗಿನ ತಿರುಳು, ಒಳಗೆ ಒಂದೇ ಬೀಜ. ಚಾಕು ಅದರ ಮೇಲೆ ಟಕ್ಕೆಂದು ನಿಂತಿತು.

"ಚೀನಾ ಬೀಸಣಿಗೆ ತಾಳೆ. ನನ್ನ ಕೈಯಾರೆ ನೂರಾರು ಸಸಿ ಎಬ್ಬಿಸಿದೀನಿ. ವಿಷ ಅಲ್ಲಮ್ಮ. ಆದ್ರೆ ಬೀಜ ಕಲ್ಲಿನ ಹಾಗೆ, ಗಂಟಲಲ್ಲಿ ಕೂತ್ರೆ ಕರಗೋ ಮಾತಿಲ್ಲ. ಫೋನ್ ಮಾಡು, ನಾನೇ ಹೇಳ್ತೀನಿ."

ಮುದುಕ ಫೋನಿನಲ್ಲೇ ವೈದ್ಯೆಗೆ ಎಲ್ಲ ತಿಳಿಸಿದ. ಅವಳು ಆಸ್ಪತ್ರೆ ಸೇರುವಷ್ಟರಲ್ಲಿ ಚಿಕಿತ್ಸೆಯ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಬೀಜ ತೆಗೆಯಲು ಮಗಳ ಅನ್ನನಾಳಕ್ಕೆ ನಳಿಕೆ ಇಳಿಸಿದ್ದರು. ಗೋಡೆಗೆ ಹಣೆ ಒತ್ತಿ, "ನನ್ನ ಕಣ್ಣೇ ಇಂಗಿಹೋಗಬಾರದಿತ್ತಾ" ಎಂದು ತನ್ನನ್ನೇ ಶಪಿಸಿಕೊಳ್ಳುತ್ತ ನಿಂತಳು. ಮುಕ್ಕಾಲು ಗಂಟೆ ಕಳೆದ ಮೇಲೆ ವೈದ್ಯೆ ಹೊರಬಂದು, ಬಟ್ಟಲಲ್ಲಿದ್ದ ಬೀಜ ತೋರಿಸಿದರು.

ಮೂರನೆಯ ದಿನ ಮಗಳು ಮನೆಗೆ ಬಂದಳು. ಬೀದಿಯವರು ಮರ ಕಡಿಸು ಎಂದರು. ಮಾಲೀಕ ಒಪ್ಪಲಿಲ್ಲ. ಅಂದಿನಿಂದ ಇಸ್ತ್ರಿಯಕ್ಕ ಏಣಿ ಹಾಕಿ, ಕಾಯಿ ಎಳೆಯದಾಗಿರುವಾಗಲೇ, ಹಣ್ಣಾಗಿ ಉದುರುವ ಮುನ್ನ, ಗೊಂಚಲು ಕತ್ತರಿಸುತ್ತಾಳೆ.