ಐದನೇ ಸ್ಥಾನದ ವೆಂಡೆಲ್

ಅಯೋವಾದ ನಮ್ಮ ಮಣ್ಣಿನ ರೇಸ್ ಟ್ರ್ಯಾಕಿನಲ್ಲಿ ವೆಂಡೆಲ್ ಹ್ರುಸ್ಕಾನಷ್ಟು ಚೆನ್ನಾಗಿ ಕಾರು ಓಡಿಸುವವರು ಯಾರೂ ಇರಲಿಲ್ಲ. ಆದರೂ ವರ್ಷಗಟ್ಟಲೆ ಅವನು ಐದನೆಯವನಾಗಿಯೇ ಬಂದ. ಸೋತು ಬಂದದ್ದಲ್ಲ, ಬೇಕೆಂದೇ ಬಂದದ್ದು.

ಇದಕ್ಕೆ ಅವನೇ ಕಾರಣ. ಒಂದು ಕಾಲಕ್ಕೆ ದುಡ್ಡಿದ್ದವರು ಐದು ಸಾವಿರ ಡಾಲರಿನ ಇಂಜಿನ್ನು ಕೂರಿಸಿಕೊಂಡು ಬಂದು ಬಹುಮಾನವನ್ನೆಲ್ಲ ಬಾಚಿಕೊಂಡು ಹೋಗುತ್ತಿದ್ದರು. ಉಳಿದವರಿಗೆ ಪೆಟ್ರೋಲಿನ ಖರ್ಚೂ ಹುಟ್ಟುತ್ತಿರಲಿಲ್ಲ. ಇದು ಅನ್ಯಾಯವೆಂದು ಚಾಲಕರ ಸಭೆಯಲ್ಲಿ ಎದ್ದು ನಿಂತವನು ವೆಂಡೆಲ್. ಅವನ ಮಾತಿನಂತೆಯೇ ಹೊಸ ನಿಯಮ ಬಂತು: ಮೊದಲ ನಾಲ್ಕು ಸ್ಥಾನದವರ ಇಂಜಿನ್ನನ್ನು ಹಿಂದೆ ಬಂದ ಯಾರು ಬೇಕಾದರೂ ಮುನ್ನೂರು ಡಾಲರಿಗೆ ಕೊಂಡು ಬಿಚ್ಚಿಕೊಂಡು ಹೋಗಬಹುದು. ಕೊಡುವುದಿಲ್ಲವೆಂದರೆ ಬಹುಮಾನವೂ ಇಲ್ಲ, ಆ ವರ್ಷವಿಡೀ ಟ್ರ್ಯಾಕೂ ಇಲ್ಲ. ದುಬಾರಿ ಇಂಜಿನ್ನುಗಳು ಮಾಯವಾದವು. ಎಲ್ಲರೂ ವೆಂಡೆಲ್‌ನ ಬೆನ್ನು ತಟ್ಟಿದರು.

ಆಮೇಲೆ ಆ ಪುಣ್ಯಾತ್ಮ ಎರಡು ಚಳಿಗಾಲ ಗ್ಯಾರೇಜಿನಲ್ಲಿ ಕೂತು, ಗುಜರಿ ಸಾಮಾನನ್ನೇ ಉಜ್ಜಿ ತಿದ್ದಿ, ಕೈಯಾರೆ ಒಂದು ಇಂಜಿನ್ನು ಕಟ್ಟಿದ. ದುಡ್ಡು ಹೆಚ್ಚು ಬೀಳಲಿಲ್ಲ, ಜೀವ ತೇದಿದ್ದ. ಅದನ್ನು ಮುನ್ನೂರಕ್ಕೆ ಯಾರಿಗೋ ಕೊಡುವುದನ್ನು ನೆನೆದರೇ ಹೊಟ್ಟೆ ಉರಿಯುತ್ತಿತ್ತು. ಗೆದ್ದವನಿಗೆ ನಾನೂರು ಡಾಲರು, ಐದನೆಯವನಿಗೆ ಐವತ್ತು. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಪ್ರತಿ ಶನಿವಾರ ಕೊನೆಯ ತಿರುವಿನಲ್ಲಿ ಆಕ್ಸಿಲರೇಟರಿನಿಂದ ಕಾಲು ಎತ್ತಿ ನಾಲ್ವರನ್ನು ಮುಂದೆ ಬಿಡುತ್ತಿದ್ದ. ಗೆಲ್ಲುವ ಆಸೆ ಇರಲಿಲ್ಲವೇ? ಇತ್ತು, ನಿದ್ದೆಗೆಡುವಷ್ಟು ಇತ್ತು.

ಒಂದು ಶನಿವಾರ, ಮುಕ್ತಾಯದ ಗೆರೆ ಇನ್ನೇನು ಬಂತೆನ್ನುವಾಗ ಮುಂದಿದ್ದ ಇಬ್ಬರು ಒಬ್ಬರಿಗೊಬ್ಬರು ಗುದ್ದಿಕೊಂಡು ತಿರುಗಿ ನಿಂತರು. ವೆಂಡೆಲ್ ಬ್ರೇಕು ತುಳಿಯುವಷ್ಟರಲ್ಲಿ ಮೂರನೆಯವನಾಗಿ ಗೆರೆ ದಾಟಿಯಾಗಿತ್ತು. ಹಿಂದೆ ಬಂದಿದ್ದ ರಾಯ್ ಶಾಡ್ಲರ್, ಬಾಡಿಗೆ ಟ್ರೇಲರಿನಲ್ಲಿ ಕಾರು ತರುವ ಬಡಪಾಯಿ, ಮುನ್ನೂರು ಡಾಲರು ತಂದು ಅವನ ಬಾನೆಟ್ಟಿನ ಮೇಲಿಟ್ಟ.

"ಇದೊಂದು ಬಿಟ್ಬಿಡು ರಾಯ್," ಎಂದ ವೆಂಡೆಲ್.

"ನನ್ನಂಥೋರಿಗೇ ಅಂತಲ್ವೇನಪ್ಪಾ ನೀನು ಈ ರೂಲು ಮಾಡ್ಸಿದ್ದು?"

ರಾಯ್ ಹೇಳಿದ್ದರಲ್ಲಿ ಕುಹಕವಿರಲಿಲ್ಲ. ಬೇರೆಯವರು ಹಾಳುಮಾಡಿಯಾರೆಂದು ವೆಂಡೆಲ್ ಇಂಜಿನ್ನಿನ ಬೋಲ್ಟುಗಳನ್ನು ತಾನೇ ಬಿಚ್ಚಿಕೊಟ್ಟ.

ಎರಡು ವಾರದ ಮೇಲೆ, ಹಳೇ ಪಿಕಪ್ಪಿನಿಂದ ಕಿತ್ತ ಮುದಿ ಇಂಜಿನ್ನು ಹಾಕಿಕೊಂಡು ಬಂದ. ಅದನ್ನು ಪುಕ್ಕಟೆ ಕೊಟ್ಟರೂ ಯಾರಿಗೂ ಬೇಡ. ಇವತ್ತು ಗೆದ್ದೇ ಬರುತ್ತೇನೆಂದು ಹೆಂಡತಿ ಲವೋನ್‌ಗೆ ಹೇಳಿದ್ದ. ಅವಳು ಎಂದೂ ಇಲ್ಲದೆ ಮುಂದಿನ ಸಾಲಿನಲ್ಲೇ ಕೂತಳು. ಇಂಜಿನ್ನು ಮುದಿಯಾದರೇನು, ಓಡಿಸುವ ಕೈ ಅದೇ ತಾನೆ? ಕೊನೆಯ ಸುತ್ತಿನಲ್ಲಿ ಅವನೇ ಮುಂದಿದ್ದ. ಜನ ಎದ್ದು ನಿಂತಿದ್ದರು. ಕೊನೆಯ ತಿರುವು ಬಂತು, ಕಾರು ನಿಧಾನವಾಯಿತು, ಒಂದಾದ ಮೇಲೊಂದು ನಾಲ್ಕು ಕಾರು ಅವನನ್ನು ದಾಟಿ ಹೋದವು.

ಲವೋನ್ ಟ್ರ್ಯಾಕಿನ ಬೇಲಿ ದಾಟಿ ಅವನ ಹತ್ತಿರ ಬಂದಳು. "ಇವತ್ತ್ಯಾಕೆ ಬಿಟ್ಟೆ? ಆ ಡಬ್ಬಾನ ಯಾರು ಕೇಳ್ತಿದ್ರು?"

ವೆಂಡೆಲ್ ಕಾರಿನಿಂದ ಇಳಿದಿರಲಿಲ್ಲ. ಬಲಗಾಲನ್ನೇ ನೋಡುತ್ತ ಕೂತಿದ್ದ.

"ನಾನು ಬಿಡ್ಲಿಲ್ಲ ಕಣೇ," ಎಂದ. "ಕಾಲು ತಾನೇ ಎದ್ಬಿಡ್ತು."