ನೋವಿನ ಸೂಜಿ ಕಿತ್ತುಕೊಂಡ ನರ್ಸಮ್ಮ

ಎಣ್ಣೆಯಂಥ ಔಷಧಿ ತುಂಬಿದ ಸಣ್ಣ ಗಾಜಿನ ಸೀಸೆಯನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದು, ಅದು ಮೈಯಷ್ಟು ಬೆಚ್ಚಗಾಗುವವರೆಗೆ ಮಾತಾಡುತ್ತ ಕೂಡುವುದು ನಮ್ಮೂರ ನರ್ಸಮ್ಮನ ಪದ್ಧತಿಯಾಗಿತ್ತು. ಗಿಡ್ಡ ಆಳು, ದಪ್ಪ ಬೆರಳು, ಮೊಣಕೈವರೆಗೆ ಬಿಸಿಲಿಗೆ ಕಂದಿದ ಕೈ. ತಣ್ಣಗಿದ್ದರೆ ಆ ಔಷಧಿ ಮಂದವಾಗಿ ಸೂಜಿಯಲ್ಲಿ ಇಳಿಯುವುದಿಲ್ಲ, ಚುಚ್ಚಿದ ಜಾಗ ಗಂಟು ಕಟ್ಟಿ ನಾಲ್ಕು ದಿನ ನೋಯುತ್ತದೆ. ಹೀಗೆ ಬೆಚ್ಚಗೆ ಮಾಡಿ ಕೊಡಬೇಕೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ವಾರಕ್ಕೊಂದರಂತೆ ನನಗೆ ಚುಚ್ಚುತ್ತ ಚುಚ್ಚುತ್ತ ಅವರೇ ಕಂಡುಕೊಂಡಿದ್ದರು.

ಊರು ಕರ್ನೂಲು ಕಡೆಯ ಆಲೂರಿನ ಹತ್ತಿರದ ಒಂದು ಹಳ್ಳಿ. ನಾನು ಅಲ್ಲಿನ ಕನ್ನಡ ಶಾಲೆಯ ಟೀಚರು. ಮದುವೆಯಾದ ಮೇಲೆ ಎರಡು ಬಸಿರು ಕಳೆದುಕೊಂಡಿದ್ದೆ. ಮೊದಲನೆಯದು ಐದು ತಿಂಗಳಿಗೆ, ಎರಡನೆಯದು ಆರಕ್ಕೆ. ಎರಡನೆಯದು ಅಂಗೈಯಗಲದ ಗಂಡು, ಸ್ವಲ್ಪ ಹೊತ್ತು ಬಾಯಿ ತೆರೆದು ಮುಚ್ಚಿತ್ತು. ಆಮೇಲೆ ಶಾಲೆಗೆ ಹೋದರೆ ಒಂದನೇ ತರಗತಿಯ ಮಕ್ಕಳ ಮುಖ ನೋಡಲಾಗದೆ ಬೋರ್ಡಿನ ಕಡೆ ತಿರುಗಿ ನಿಲ್ಲುತ್ತಿದ್ದೆ. ಉರುಕುಂದದ ಈರಣ್ಣನಿಗೆ ಅತ್ತೆ ಹರಕೆ ಹೊತ್ತಿದ್ದರು. ನಾನು ದೇವರನ್ನೂ ಬೈದುಕೊಂಡು ತಿರುಗುತ್ತಿದ್ದೆ.

ಮೂರನೆಯದು ನಿಂತಾಗ ಆದೋನಿಯ ಡಾಕ್ಟರಮ್ಮ ನಾಲ್ಕನೇ ತಿಂಗಳಿನಿಂದ ವಾರಕ್ಕೊಂದು ಸೂಜಿ ಬರೆದುಕೊಟ್ಟರು. ಪ್ರತಿ ಸೋಮವಾರ ನರ್ಸಮ್ಮ ಮನೆಗೇ ಬರುತ್ತಿದ್ದರು. ಪತ್ತಿಕೊಂಡದ ಕಡೆಯವರು, ಮನೆಮಾತು ತೆಲುಗು. ನಮ್ಮೂರಿಗೆ ಬಂದು ಹತ್ತು ವರ್ಷವಾಗಿತ್ತು, ಕನ್ನಡ ನಮಗಿಂತ ಜೋರಾಗಿ ಮಾತಾಡುತ್ತಿದ್ದರು. ಸಿಟ್ಟು ಬಂದರೆ ಮಾತ್ರ ತೆಲುಗು.

"ಇದು ಏನ್ ಮಾಡತೈತ್ರಿ?" ಎಂದು ಒಮ್ಮೆ ಕೇಳಿದ್ದೆ.

"ಟೀಚರಮ್ಮಾ, ಬಸಿರು ನಿಂತ ದಿನದಿಂದ ಒಂದು ಹಾರ್ಮೋನು ಗರ್ಭಕೋಶಕ್ಕ 'ಸುಮ್ಮನಿರು, ಸುಮ್ಮನಿರು' ಅಂತ ಹೇಳಿಕೋತನ ಇರತೈತಿ. ದಿನ ತುಂಬಿದ ಮ್ಯಾಲೆ ಅದರ ಮಾತು ನಡಿಯಂಗಿಲ್ಲ, ನೋವು ತರೋ ಹಾರ್ಮೋನಿನ ಕೈ ಮ್ಯಾಲಾಗತೈತಿ. ಆವಾಗ ಹೆರಿಗಿ. ನಿನ್ನ ಗರ್ಭಕೋಶ ಭಾಳ ಅವಸರದ್ದು, ಒಳಗಿನ ಮಾತು ಕೇಳವಲ್ದು. ಅದಕ್ಕ ನಾನು ವಾರಕ್ಕೊಮ್ಮೆ ಹೊರಗಿನಿಂದ ಹೇಳಿ ಹೋಗ್ತೀನಿ."

ಹೇಳಿ, ಮುಷ್ಟಿ ಬಿಚ್ಚಿ, ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, "ಹಾಂ, ಕಾದೈತಿ, ತಿರುಗು" ಎನ್ನುತ್ತಿದ್ದರು.

ನಗುವ ಹೆಂಗಸಲ್ಲ. ಯಾರ ಮನೆಯಲ್ಲೂ ಚಹಾ ಕುಡಿಯುತ್ತಿರಲಿಲ್ಲ, ಮಂಡಕ್ಕಿ ಒಗ್ಗರಣೆ ಕೊಟ್ಟರೆ ಮಾತ್ರ ಬೇಡ ಎನ್ನುತ್ತಿರಲಿಲ್ಲ. ಬಸುರಿಯರು ಹೊಲದ ಕೆಲಸಕ್ಕೆ ಹೊರಟಿದ್ದು ಕಂಡರೆ ನಡುದಾರಿಯಲ್ಲೇ ತಡೆದು, ಗಂಡನನ್ನೂ ಕರೆಸಿ ಬೈಯುತ್ತಿದ್ದರು. "ಯಾವಾಗ ಆಗತೈತ್ರಿ ನರ್ಸಮ್ಮಾ?" ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ: "ಕೂಸಿಗೆ ಪುರಸೊತ್ತಾದಾಗ. ನಿಮ್ಮ ಪುರಸೊತ್ತಿಗೆ ಅಲ್ಲ."

ಏಳನೇ ತಿಂಗಳು ಮುಗಿಯುತ್ತ ಬಂತು. ಅಮಾವಾಸ್ಯೆ ಕಳೆದರೆ ಎಂಟಕ್ಕೆ ಬೀಳುತ್ತದೆ ಎಂದು ಅತ್ತೆಯ ಲೆಕ್ಕ. ಅಮಾವಾಸ್ಯೆಗೆ ಎರಡು ದಿನವಿತ್ತು. ಬೆಳಿಗ್ಗೆ ಸೊಂಟ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗುವುದು, ಸಡಿಲವಾಗುವುದು. ಹಿಂದಿನ ಎರಡೂ ಹೀಗೇ ಶುರುವಾಗಿದ್ದವು. ನನ್ನವರು ಬಸ್ ಕಂಡಕ್ಟರ್, ಅವತ್ತು ಕರ್ನೂಲಿನ ಡ್ಯೂಟಿ. ಮನೆಯಲ್ಲಿ ಅತ್ತೆ, ನಾನು ಇಬ್ಬರೇ.

ನಮ್ಮ ಕಡೆ ಒಂದು ಮಾತಿದೆ: ಏಳರ ಕೂಸು ಉಳಿಯುತ್ತದೆ, ಎಂಟರ ಕೂಸು ಉಳಿಯುವುದಿಲ್ಲ. ಚಿಕ್ಕಂದಿನಿಂದ ಕೇಳಿದ ಮಾತು. ಅದು ಸುಳ್ಳು, ಹೊಟ್ಟೆಯಲ್ಲಿ ಒಂದೊಂದು ದಿನ ಹೆಚ್ಚಿದ್ದಷ್ಟೂ ಕೂಸಿಗೆ ಬಲ ಎಂದು ನರ್ಸಮ್ಮ ನನಗೇ ಹತ್ತು ಸಲ ಹೇಳಿದ್ದರು. ನಾನೂ ತಲೆಯಾಡಿಸಿದ್ದೆ. ಆದರೆ ಆ ಮಧ್ಯಾಹ್ನ ನನ್ನ ಓದು, ನನ್ನ ಟ್ರೈನಿಂಗು ಎಲ್ಲ ಎಲ್ಲಿ ಹೋದವೋ! ತಲೆಯಲ್ಲಿ ಒಂದೇ ಲೆಕ್ಕ. ಹೇಗೂ ನೋವು ಬಂದಿದೆ. ಇವತ್ತೇ ಆಗಿಬಿಟ್ಟರೆ ಏಳರ ಕೂಸು. ಎಳೆದಾಡಿ ಎರಡು ದಿನ ಕಳೆದರೆ ಎಂಟರದು, ಇದೂ ಹೋಗುತ್ತದೆ.

"ಅತ್ತೀ, ಆರೆಂಪಿ ಡಾಕ್ಟರನ್ನ ಕರಸ್ರಿ. ನೋವಿನ ಸೂಜಿ ಹಾಕಿ ಹೆರಿಗಿ ನೋವು ಏರಸ್ಲಿ. ಇವತ್ತ ಆಗಿಬಿಡ್ಲಿ" ಎಂದೆ.

"ಬ್ಯಾಡಬೇ, ನರ್ಸಮ್ಮನ್ನ ಕೇಳೋಣು" ಎಂದರು ಅತ್ತೆ.

"ಆಕಿ ಸುಮ್ಮನಿರು ಅಂತಾಳ. ಸುಮ್ಮನಿದ್ದೇ ಎರಡು ಕಳಕೊಂಡೀನಿ!" ಎಂದು ಕಿರುಚಿದೆ. ನಾನೇ ಫೋನ್ ತೆಗೆದುಕೊಂಡು ಆರೆಂಪಿಗೆ ಹಚ್ಚಿದೆ. ಹಿತ್ತಲಿಗೆ ಹೋದ ಅತ್ತೆ ನರ್ಸಮ್ಮನಿಗೆ ಹಚ್ಚಿದ್ದು ನನಗೆ ಗೊತ್ತಾಗಲಿಲ್ಲ.

ಆರೆಂಪಿ ಮೊದಲು ಬಂದ. ಡಿಗ್ರಿ ಇಲ್ಲದಿದ್ದರೂ ಊರಿನ ನೆಗಡಿ, ಜ್ವರಕ್ಕೆಲ್ಲ ಅವನೇ ಡಾಕ್ಟರ್. ಸೀಸೆ ಮುರಿದು ಸಿರಿಂಜಿಗೆ ಎಳೆದುಕೊಂಡ. ನಾನು ತೋಳು ಚಾಚಿದೆ. ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತ ಸದ್ದು. ನರ್ಸಮ್ಮ ಚಪ್ಪಲಿ ಸಮೇತ ಒಳಗೆ ನುಗ್ಗಿದರು. ಅವನ ಕೈಯಿಂದ ಸಿರಿಂಜು ಕಿತ್ತುಕೊಂಡು ಬಚ್ಚಲಿಗೆ ಹೋಗಿ ಔಷಧಿಯನ್ನೆಲ್ಲ ಚೆಲ್ಲಿ ಬಂದರು. ಅವನು ಬಾಗಿಲ ಹೊರಗೆ ಸರಿದ.

ಆಮೇಲೆ ಅತ್ತೆಯ ಕಡೆ ತಿರುಗಿದರು.

"ಬುದ್ಧುಂದಾ ನೀಕು? ಬುದ್ಧಿ ಐತೇನು ನಿನಗ? ಹಡದಾಕಿ ಅಲ್ಲೇನು ನೀನು? ಇನ್ನೂ ಉಸಿರು ಬಲಿತಿಲ್ಲ ಆ ಕೂಸಿಂದು, ಹೊರಗ ಎಳಿತೀಯಾ? ಮೊಮ್ಮಗು ಬೇಕೋ ಹೆಣ ಬೇಕೋ ನಿನಗ? ನಾಚಿಕಿ ಆಗಬೇಕು!"

ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದಿದ್ದರು. ಅತ್ತೆ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ತಲೆ ತಗ್ಗಿಸಿ ನಿಂತರು. "ನಾನಲ್ಲ, ಸೊಸಿ" ಎನ್ನಲಿಲ್ಲ. ನಾನೂ "ಅತ್ತೆಯಲ್ಲ, ನಾನು" ಎನ್ನಲಿಲ್ಲ. ಕಣ್ಣು ಮುಚ್ಚಿಕೊಂಡು ನರಳಿದೆ. ನೋವಿತ್ತು, ನಿಜ. ಆದರೆ ಬಾಯಿ ಬಿಡಲಾಗದಷ್ಟು ನೋವಿರಲಿಲ್ಲ.

ನರ್ಸಮ್ಮ ನನ್ನ ಬಳಿ ಕೂತಾಗ ಅವರ ದನಿಯೇ ಬೇರೆಯಾಗಿತ್ತು. "ಭಯಪಡಬ್ಯಾಡ ತಾಯಿ. ಕೂಸು ತನ್ನ ಮೈಯೊಳಗ ಕಡೀಕೆ ಮಾಡಿಕೊಳ್ಳೋ ಒಂದು ಹಾರ್ಮೋನು ಐತಿ, ಉಸಿರು ಬಲಿಯಾಕ. ಅಂಥಾದ್ದ ಒಂದು ಸೂಜಿ ನಾ ಈಗ ಮುಂಗಡ ಕೊಡ್ತೀನಿ. ಬಂದ್ರ ಉಸಿರಾಡತೈತಿ. ಬರಲಿಲ್ಲಂದ್ರ ಇನ್ನೂ ಚಲೋ." ಸೂಜಿ ಕೊಟ್ಟು, ನೂರಾ ಎಂಟಕ್ಕೆ ಫೋನ್ ಮಾಡಿ, ತಾವೂ ಗಾಡಿ ಹತ್ತಿದರು. ಆದೋನಿ ಮುಟ್ಟುವವರೆಗೆ ಒಂದು ಕೈ ನನ್ನ ಹೊಟ್ಟೆಯ ಮೇಲೆ, ಕಣ್ಣು ಗಡಿಯಾರದ ಮೇಲೆ. ಹೊಟ್ಟೆ ಗಟ್ಟಿಯಾದಾಗಲೆಲ್ಲ ಅವರ ತುಟಿಯೂ ಬಿಗಿಯುತ್ತಿತ್ತು. ಗುಂಡಿ ಬಂದಲ್ಲೆಲ್ಲ ಡ್ರೈವರನಿಗೆ ತೆಲುಗಿನಲ್ಲಿ ಬೈಗುಳ. ನಾನು ಅವರ ಸೀರೆ ಹಿಡಿದುಕೊಂಡು, ಇದೊಂದು ಉಳಿಯಲಿ, ಇದೊಂದು ಉಳಿಯಲಿ ಎಂದು ಅಳುತ್ತಿದ್ದೆ.

ಉಳಿಯಿತು. ಮರುದಿನ ಸಂಜೆಗೆ ನೋವು ಇಳಿಯಿತು. ಅಮಾವಾಸ್ಯೆ ಬಂತು, ಹೋಯಿತು. ನಾನು ಆಸ್ಪತ್ರೆಯ ಮಂಚ ಬಿಡದೆ ಇಪ್ಪತ್ತು ದಿನ ಮಲಗಿದೆ. ಒಂದೊಂದು ದಿನವೂ ಉಸಿರು ಬಿಗಿಹಿಡಿದೇ ಕಳೆದೆ. ಮಗಳು ಹುಟ್ಟಿದ್ದು ಎಂಟರಲ್ಲೇ. ಎರಡು ಕೇಜಿಯೂ ಇಲ್ಲದ ಹುಳುವಿನಂಥ ಕೂಸು. ಕೆಲವು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿತ್ತು. ಆಮೇಲೆ ಅತ್ತೆ ಅದನ್ನು ಬರಿಯ ಎದೆಗೆ ಕಟ್ಟಿಕೊಂಡು ವಾರಗಟ್ಟಲೆ ಕೂತರು. ಹಾಗೆ ಕಟ್ಟಿಕೊಳ್ಳುವುದನ್ನು ಕಲಿಸಿದವರೂ ನರ್ಸಮ್ಮನೇ. ಮಗಳು ಈಗ ನನ್ನದೇ ಶಾಲೆಯ ಒಂದನೇ ತರಗತಿಯಲ್ಲಿ ಕೂತು ನನಗೇ ಎದುರು ಮಾತಾಡುತ್ತಾಳೆ.

ಆಮೇಲೆ ನರ್ಸಮ್ಮ ಮನೆಗೆ ಎಷ್ಟು ಸಲ ಬಂದರೋ. ಲಸಿಕೆಗೆ, ತೂಕ ನೋಡಲಿಕ್ಕೆ, ಸುಮ್ಮನೆ ಒಗ್ಗರಣೆ ತಿನ್ನಲಿಕ್ಕೆ. ಪ್ರತಿ ಸಲ ಹೇಳಬೇಕೆಂದುಕೊಳ್ಳುತ್ತಿದ್ದೆ. ಅವತ್ತು ಆರೆಂಪಿಗೆ ಫೋನ್ ಮಾಡಿದ್ದು ನಾನು, ನೀವು ಬೈದದ್ದು ತಪ್ಪು ಹೆಂಗಸನ್ನು ಎಂದು. ಟೀಚರಮ್ಮ ಎಂದು ಕರೆಯುವ ಆ ಬಾಯಿ ನನ್ನನ್ನು ಏನೆಂದೀತು ಎಂಬ ಅಂಜಿಕೆಗೆ ಬಾಯಿ ಕಟ್ಟುತ್ತಿತ್ತು. ಅವರು ರಿಟೈರ್ ಆಗಿ ಪತ್ತಿಕೊಂಡಕ್ಕೆ ಹೋದರು. ಹೊಟ್ಟೆಯ ಕ್ಯಾನ್ಸರ್ ಎಂದು ಸುದ್ದಿ ಬಂತು. ಈ ಭಾನುವಾರ ಹೋಗುತ್ತೇನೆ, ಪರೀಕ್ಷೆ ಮುಗಿದ ಮೇಲೆ ಹೋಗುತ್ತೇನೆ ಎಂದು ದಿನ ತಳ್ಳಿದೆ. ನಾನು ಹೋಗುವಷ್ಟರಲ್ಲಿ ಅವರನ್ನು ಅಂಗಳದಲ್ಲಿ ಮಲಗಿಸಿ, ಮುಖ ಮಾತ್ರ ಕಾಣುವಂತೆ ಬಟ್ಟೆ ಹೊದಿಸಿದ್ದರು.

ಸಾವಿನ ಮನೆಯಿಂದ ಬಂದವಳಿಗೆ ಹಿತ್ತಲಲ್ಲೇ ಸ್ನಾನ. ನಾನು ಉಟ್ಟ ಸೀರೆಯ ಮೇಲೇ ಅತ್ತೆ ನೀರು ಹಾಕುತ್ತಿದ್ದರು. ತಡೆಯಲಾಗಲಿಲ್ಲ. "ಅತ್ತೀ, ನಾನು ಆಕಿಗೆ ನಿಜ ಹೇಳಲೇ ಇಲ್ರಿ. ನಿಮಗ ಬೈಸಿ ಸುಮ್ಮನ ಮಲಗಿದೆ" ಎಂದು ಗೊಳೋ ಎಂದು ಅಳುತ್ತ ಅವರ ಮುಂದೆ ಕುಸಿದೆ.

ಅವರು ಚೊಂಬು ಕೆಳಗಿಟ್ಟರು.

"ಆಕಿಗೆ ಗೊತ್ತಿತ್ತಬೇ. ಬರೂ ಮುಂಚೇನ ಗೊತ್ತಿತ್ತು. ಫೋನಿನ್ಯಾಗ ನಾನ ಹೇಳಿದ್ದೆ. ಮರುದಿನ ಆಸ್ಪತ್ರೆಗೆ ಬಂದು ನನ್ನ ಎರಡೂ ಕೈ ಹಿಡಕೊಂಡು ಅತ್ತಳು. 'ಬಸುರಿ ಅಂಜಿದ್ರ ನೋವು ಏರತಾವ ಅವ್ವಾ, ಆಕಿನ್ನ ಬೈಯ್ಯಂಗಿರಲಿಲ್ಲ. ಯಾರನ್ನೂ ಬೈದಿದ್ದಿಲ್ಲಂದ್ರ ಆ ಆರೆಂಪಿ, ಈ ಓಣಿ ಹೆಂಗಸರು ಇನ್ನೊಬ್ಬಾಕಿಗೂ ಆ ಸೂಜಿ ಹಾಕಿಸ್ತಿದ್ರು. ಅದಕ್ಕ ನಿನ್ನ ಬೈದೆ, ತಪ್ಪಾತು' ಅಂದ್ಲು. ಬಂದಾಗೊಮ್ಮೆ ನನ್ನನ್ನ ಹಿತ್ತಲಿಗೆ ಕರದು ಕೇಳತಿದ್ಲು, 'ಸೊಸಿ ನಿನ್ನ ಮುಂದ ಬಾಯಿ ಬಿಟ್ಟಳೇನು?' ಅಂತ. ಇಲ್ಲ ಅಂದ್ರ, 'ಬಿಡು, ಸಣ್ಣಾಕಿ, ನೀನೂ ಕೇಳಬ್ಯಾಡ' ಅಂತಿದ್ಲು."

ಇವತ್ತು ಬಾಯಿ ಬಿಟ್ಟಿದ್ದೇನೆ. ಬಂದಾಗೊಮ್ಮೆ ಅದನ್ನೇ ಕೇಳುತ್ತಿದ್ದವರು ಪತ್ತಿಕೊಂಡದ ಮಣ್ಣಿನಲ್ಲಿದ್ದಾರೆ.